ಹೊಸ ಕಾರಿಗೆ ಅಂಡರ್‌ಕೋಟಿಂಗ್ ಮಾಡಿಸಿದರೆ ವಾರಂಟಿ ಹೋಗುತ್ತಾ?

ಹೊಸಚಕ್ರ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಹೊಸ ಕಾರಿನ ಡೆಲಿವರಿ. ಇಷ್ಟು ವರ್ಷ ಓಡಿಸಿದ್ದೆಲ್ಲ ಸೆಕೆಂಡ್ ಹ್ಯಾಂಡ್, ಇದೇ ಮೊದಲ ಹೊಸ ಗಾಡಿ. ಹಿಂದಿನ ಕಾರಿನ ಇಂಜಿನ್ ಕೊನೆಯವರೆಗೂ ಗಟ್ಟಿಯಾಗಿತ್ತು, ಅಡಿ ಮಾತ್ರ ತುಕ್ಕು ತಿಂದು ಹೋಯಿತು. ಮಾರುವ ಹೊತ್ತಿಗೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ಬೆರಳು ತೂರುವಷ್ಟು ತೂತು, ಅದರೊಳಗಿಂದ ರಸ್ತೆ ಕಾಣುತ್ತಿತ್ತು. ಆ ಸೀಟಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಹೋಗಿದ್ದೇನೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ.

ಬುಕಿಂಗ್ ಫಾರಂನಲ್ಲಿ 'ಅಂಡರ್‌ಬಾಡಿ ಕೋಟಿಂಗ್' (ತುಕ್ಕು ಹಿಡಿಯದಂತೆ ಕಾರಿನ ಅಡಿಗೆ ಬಳಿಯುವ ಲೇಪ) ಅನ್ನುವ ಸಾಲಿಗೆ ಶೋರೂಮಿನವರು ಮೊದಲೇ ಟಿಕ್ ಹಾಕಿಟ್ಟಿದ್ದರು. ಯಾಕೆ ಅಂದೆ. "ಇದು ಮಾಡಿಸದಿದ್ದರೆ ತುಕ್ಕಿನ ವಾರಂಟಿ ಸಿಗಲ್ಲ ಸರ್" ಅಂದರು. ಹೊರಗೆ ಇದೇ ಕೆಲಸ ಮಾಡುವವರೊಬ್ಬರನ್ನು ವಿಚಾರಿಸಿದ್ದೀನಿ ಅಂದ ತಕ್ಷಣ, "ಹೊರಗೆ ಮಾಡಿಸಿದರೆ ಇಡೀ ಗಾಡಿಯ ವಾರಂಟಿ ಕ್ಯಾನ್ಸಲ್" ಅಂತ ಉತ್ತರ ಬಂತು. ಮನೆಗೆ ಬಂದು ಓನರ್ಸ್ ಮ್ಯಾನುಯಲ್ ಓದಿದೆ. ಅಲ್ಲಿ ಬೇರೆಯೇ ಮಾತು: ತುಕ್ಕು ತಡೆಯಲು ಬೇಕಾದ್ದನ್ನು ಕಾರ್ಖಾನೆಯಲ್ಲೇ ಮಾಡಲಾಗಿದೆ, ಮೇಲಿಂದ ಇನ್ನೇನೂ ಬಳಿಸುವ ಅಗತ್ಯವಿಲ್ಲ.

ಮಾಡಿಸದಿದ್ದರೆ ವಾರಂಟಿ ಇಲ್ಲ, ಹೊರಗೆ ಮಾಡಿಸಿದರೂ ಇಲ್ಲ, ಮಾಡಿಸುವುದೇ ಬೇಡ. ಇದರಲ್ಲಿ ಯಾವುದನ್ನು ನಂಬಲಿ? ಸ್ವಂತ ಅನುಭವ ಇರುವವರು ದಯವಿಟ್ಟು ಹೇಳಿ.

ದೂರದಾರಿ

ಮಾಡಿಸಬೇಡಿ. ಈಗಿನ ಕಾರುಗಳಿಗೆ ಬೇಕಿಲ್ಲ. ನನ್ನದು ಒಂಬತ್ತನೇ ವರ್ಷ, ಏನೂ ಬಳಿಸಿಲ್ಲ, ಅಡಿ ಚೆನ್ನಾಗೇ ಇದೆ.

ಕಡಲಂಚು

ದೂರದಾರಿಯವರೇ, ನಿಮ್ಮದು ಒಣ ಹವೆಯ ಜಾಗ ಇರಬೇಕು. ನಾನಿರುವುದು ಸಮುದ್ರದಿಂದ ಕೂಗಳತೆಯಲ್ಲಿ. ರಾತ್ರಿ ನಿಲ್ಲಿಸಿದ ಗಾಡಿಯ ಗಾಜು ಬೆಳಿಗ್ಗೆ ಒರೆಸಿದರೆ ಬಟ್ಟೆ ಅಂಟಂಟು, ನಾಲಿಗೆಗೆ ತಾಗಿಸಿದರೆ ಉಪ್ಪು. ಕಬ್ಬಿಣ ತುಕ್ಕು ಹಿಡಿಯೋಕೆ ನೀರು ಮತ್ತು ಗಾಳಿ ಸಾಕು, ಆದರೆ ಉಪ್ಪು ಸೇರಿದರೆ ಆ ನೀರಲ್ಲಿ ವಿದ್ಯುತ್ ಸಲೀಸಾಗಿ ಹರಿದು ಕೆಲಸ ಬೇಗ ಬೇಗ ನಡೆಯುತ್ತೆ. ಹಿಮಕ್ಕೆ ರಸ್ತೆ ಮೇಲೆ ಉಪ್ಪು ಸುರಿಯುವ ಕಡೆಯೂ ಇದೇ ಪಾಡು. 'ಬೇಕು', 'ಬೇಡ' ಅನ್ನುವ ಮೊದಲು ಗಾಡಿ ಎಲ್ಲಿ ನಿಲ್ಲುತ್ತೆ, ಯಾವ ರಸ್ತೆಯಲ್ಲಿ ಓಡುತ್ತೆ ಅಂತ ಕೇಳಬೇಕು.

ವಾರಂಟಿ ವಿಷಯದಲ್ಲಿ ನನಗೇ ಏಟು ಬಿದ್ದಿದೆ. ಸಂಜೆ ಕೂತು ವಿವರವಾಗಿ ಬರೆಯುತ್ತೇನೆ.

ಟಿಂಕರ್‌ಶೆಡ್

ಬಾಡಿ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಆಯ್ತು. ಹೊಸಚಕ್ರ ಸರ್, ಮೊದಲು ಒಂದು ಗಂಟು ಬಿಡಿಸ್ತೀನಿ, ಆಮೇಲೆ ಉಳಿದಿದ್ದು ತಾನಾಗೇ ಬಿಚ್ಚಿಕೊಳ್ಳುತ್ತೆ.

ನಾವು ಬಾಯಲ್ಲಿ 'ವಾರಂಟಿ' ಅಂತ ಒಂದೇ ಹೆಸರು ಹೇಳ್ತೀವಿ. ಪುಸ್ತಕದಲ್ಲಿ ಅದು ಒಂದೇ ಅಲ್ಲ. ಗಾಡಿಗೆ ಒಟ್ಟಾರೆ ಕೊಡೋದು ಒಂದು. ಇಂಜಿನ್, ಗೇರ್‌ಬಾಕ್ಸ್‌ಗೆ ಎಷ್ಟೋ ಕಂಪನಿಗಳು ಬೇರೆ ಅವಧಿ ಕೊಡ್ತವೆ. ಪೇಂಟಿಗೆ ಬೇರೆ, ಅದು ಸಾಮಾನ್ಯವಾಗಿ ಎರಡು ಮೂರು ವರ್ಷ. ಬಾಡಿ ತುಕ್ಕು ಹಿಡಿದು ತೂತು ಬಿದ್ದರೆ ಅನ್ನೋದು ಇನ್ನೊಂದು. ಕೆಲವರದು 5 ವರ್ಷ, ಯುರೋಪಿನ ಕೆಲವು ಕಂಪನಿಗಳದ್ದು 12 ವರ್ಷದವರೆಗೂ ಇದೆ. ಒಂದೊಂದಕ್ಕೂ ಅದರದ್ದೇ ಷರತ್ತು.

ಅಡಿಗೆ ಕೋಟಿಂಗ್ ಹೊಡೆಸಿದ್ರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗಿಗೆ ಏನಾಗುತ್ತೆ? ಏನೂ ಆಗಲ್ಲ. ಹಾಗಿದ್ಮೇಲೆ ಗೇರ್‌ಬಾಕ್ಸ್ ವಾರಂಟಿ ಯಾಕೆ ಹೋಗ್ಬೇಕು? 'ಇಡೀ ಗಾಡಿ ಕ್ಯಾನ್ಸಲ್' ಅಂದೋರ ಹತ್ರ, ಆ ಷರತ್ತು ಪುಸ್ತಕದ ಯಾವ ಪುಟದಲ್ಲಿದೆ ತೋರಿಸಿ ಅಂತ ಕೇಳಿ. ನೀವು ಹಾಕಿಸಿದ ವಸ್ತುವಿನಿಂದಲೇ ಹಾಳಾಯ್ತು ಅಂತ ಕಂಡುಬಂದ ಭಾಗಕ್ಕೆ ಕಂಪನಿ ಕೈ ಎತ್ತುತ್ತೆ. ಸೆನ್ಸರ್ ವೈರಿನ ಕನೆಕ್ಟರ್ ಒಳಗೆ ಕೋಟಿಂಗಿನ ಡಾಂಬರು ಹೋಗಿ ಕೆಟ್ಟರೆ ಆ ಸೆನ್ಸರ್‌ಗೆ. ನೀರಿಳಿಯೋ ತೂತು ಮುಚ್ಚಿ ಬಾಗಿಲು ಕೊಳೆತರೆ ಆ ಬಾಗಿಲಿಗೆ. ಜಗಳ ನಡೆಯೋದೆಲ್ಲ ಕಾರಣದ ಮೇಲೆ.

ಈಗ ಇನ್ನೊಂದು ಕಡೆಯದು. ತುಕ್ಕಿನ ವಾರಂಟಿಯ ಷರತ್ತನ್ನ ಒಂದೊಂದೇ ಪದ ಓದಿ. ಬಹಳಷ್ಟು ಪುಸ್ತಕಗಳಲ್ಲಿ ಅದು ಬಾಡಿಯ ತಗಡಿಗೆ ಮಾತ್ರ, ಅದೂ ಒಳಗಿಂದ ಹೊರಕ್ಕೆ ತಿಂದು ಪೂರ್ತಿ ತೂತು ಬಿದ್ದಾಗ. ಕಲ್ಲು ಬಡಿದು ಪೇಂಟ್ ಎದ್ದು ಹೊರಗಿಂದ ಹಿಡಿದ ತುಕ್ಕು ಇದರಲ್ಲಿ ಬರಲ್ಲ. ಸೈಲೆನ್ಸರ್, ಸಸ್ಪೆನ್ಷನ್ ಆರ್ಮು, ಬ್ರೇಕ್ ಪೈಪು, ಬೋಲ್ಟು ಯಾವುದೂ ಬರಲ್ಲ. ಅಂಡರ್‌ಕೋಟಿಂಗ್ ಕಾಯೋದು ಹೆಚ್ಚಾಗಿ ಇವುಗಳ ಅಕ್ಕಪಕ್ಕದ ಕಬ್ಬಿಣನ. ವಾರಂಟಿ ಕಾಯೋದು ಬಾಗಿಲು, ರನ್ನಿಂಗ್ ಬೋರ್ಡ್, ಫೆಂಡರಿನ ಹೊಟ್ಟೆಯೊಳಗನ್ನ. ಎರಡೂ ಕಾಯೋ ಜಾಗಗಳೇ ಬೇರೆ. ಇದನ್ನ ತಿಳ್ಕೊಳ್ಳದೆ 'ಕೋಟಿಂಗೋ ವಾರಂಟಿಯೋ' ಅಂತ ತೂಗಿದ್ರೆ ಲೆಕ್ಕ ತಪ್ಪುತ್ತೆ.

ಪೇಂಟ್‌ಲೈನ್

ಟಿಂಕರ್‌ಶೆಡ್ ಅಣ್ಣ ಹೇಳಿದ್ದಕ್ಕೆ ಕಾರ್ಖಾನೆ ಕಡೆಯಿಂದ ನಾನು ಸೇರಿಸುತ್ತೇನೆ. ಬಾಡಿ ಪೇಂಟ್ ಲೈನಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಮ್ಯಾನುಯಲ್‌ನಲ್ಲಿರುವ 'ಅಗತ್ಯವಿಲ್ಲ' ಅನ್ನುವ ಮಾತು ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ ಅಲ್ಲಿ ಏನು ನಡೆಯುತ್ತದೆ ಅಂತ ತಿಳಿಯಬೇಕು.

ವೆಲ್ಡಿಂಗ್ ಮುಗಿದ ಬರಿಯ ಬಾಡಿಯನ್ನು ಎಣ್ಣೆ ಜಿಡ್ಡು ಹೋಗುವಂತೆ ತೊಳೆದು, ಫಾಸ್ಫೇಟ್ ದ್ರಾವಣಕ್ಕೆ ಒಡ್ಡುತ್ತಾರೆ. ಇದರಿಂದ ತಗಡಿನ ಮೈ ಬಣ್ಣ ಹಿಡಿಯಲು ತಯಾರಾಗುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಇಡೀ ಬಾಡಿಯನ್ನೇ ಮುಳುಗಿಸುತ್ತಾರೆ. ಆ ಬಾಡಿಯನ್ನು ವಿದ್ಯುತ್ತಿನ ಋಣ (ಮೈನಸ್) ತುದಿಗೆ ಜೋಡಿಸಿದರೆ ತೊಟ್ಟಿಯಲ್ಲಿರುವ ಪ್ರೈಮರ್ ಕಣಗಳು ಅದನ್ನು ಹುಡುಕಿಕೊಂಡು ಬಂದು ಅಂಟಿಕೊಳ್ಳುತ್ತವೆ. ಇದಕ್ಕೆ ಇ-ಕೋಟ್ ಅನ್ನುತ್ತೇವೆ. ಸ್ಪ್ರೇ ಗನ್ ತಲುಪದ ಮೂಲೆಗೂ, ಎರಡು ತಗಡಿನ ನಡುವಿನ ಹೊಟ್ಟೆಗೂ ಇದು ಹೋಗುತ್ತದೆ. ದಪ್ಪ ಸುಮಾರು 20 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಒಲೆಯಲ್ಲಿ ಬೇಯಿಸಿದ ಮೇಲೆ ಉಗುರಲ್ಲಿ ಕೆರೆದರೂ ಏಳುವುದಿಲ್ಲ. ಆಮೇಲೆ ಜೋಡುಗಳಿಗೆ ಸೀಲರ್, ಚಕ್ರದ ಕಮಾನಿಗೂ ಅಡಿಗೂ ಪಿವಿಸಿ ಲೇಪ, ಕೆಲವು ಮಾದರಿಗಳಲ್ಲಿ ಹೊಟ್ಟೆಯೊಳಗೆ ಮೇಣ.

ಇದಲ್ಲದೆ ಸತು ಲೇಪಿಸಿದ ಉಕ್ಕು. ಗೀರು ಬಿದ್ದ ಜಾಗದಲ್ಲಿ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಪೋರ್ಶೆಯವರು 1976ರ ಮಾದರಿಯ 911ರಿಂದ ಸತು ಲೇಪಿಸಿದ ಉಕ್ಕಿನಲ್ಲೇ ಬಾಡಿ ಮಾಡಿ ತುಕ್ಕಿಗೆ ಆರು ವರ್ಷದ ವಾರಂಟಿ ಕೊಟ್ಟರು. ಆಗ ಅದು ದೊಡ್ಡ ಸುದ್ದಿ. ಈಗ ಸತು ಲೇಪದ ತಗಡು ಸಾಮಾನ್ಯ ಕಾರುಗಳಲ್ಲೂ ಇದೆ.

ಈಗ ಮುಖ್ಯ ಮಾತು. ಬಾಡಿ ತೊಟ್ಟಿಯಲ್ಲಿ ಮುಳುಗಿದಾಗ ದ್ರಾವಣ ಒಳಗೆ ಹೋಗಲು, ಮೇಲೆತ್ತಿದಾಗ ಸುರಿದು ಹೋಗಲು ತಗಡಿನಲ್ಲಿ ತೂತುಗಳಿರಬೇಕು. ಆಮೇಲೆ ಕೆಲವಕ್ಕೆ ರಬ್ಬರ್ ಬಿರಡೆ ಹಾಕುತ್ತಾರೆ. ಇನ್ನು ಕೆಲವನ್ನು ಬೇಕೆಂದೇ ಬಿಡುತ್ತಾರೆ, ಮಳೆ ನೀರು ಇಳಿಯಲಿ ಅಂತ. ಬಾಗಿಲಿನ ಗಾಜಿನ ಸಂದಿಯಿಂದ ಪ್ರತಿ ಮಳೆಗೂ ನೀರು ಬಾಗಿಲಿನ ಹೊಟ್ಟೆಗೆ ಇಳಿದೇ ಇಳಿಯುತ್ತದೆ, ಕೆಳ ಅಂಚಿನ ತೂತಿಂದ ಹೊರಗೂ ಹೋಗುತ್ತದೆ. ಆ ತೂತು ಮುಚ್ಚಿದರೆ ಎಷ್ಟು ಒಳ್ಳೆಯ ಇ-ಕೋಟ್ ಇದ್ದರೂ ನಿಂತ ನೀರಿನ ಮುಂದೆ ಎಷ್ಟು ದಿನ ತಾಳೀತು?

ಹೊಸಚಕ್ರ

ಮೇಡಂ, ಅಣ್ಣ, ಇಬ್ಬರಿಗೂ ಧನ್ಯವಾದ. ಪುಸ್ತಕ ಮತ್ತೆ ತೆಗೆದು ನೋಡಿದೆ. ನಿಜ, 'ಒಳಗಿನಿಂದ ತೂತು' ಅಂತಲೇ ಇದೆ. ಅದರ ಕೆಳಗೆ ವಿನಾಯಿತಿಗಳ ಸಾಲಿನಲ್ಲಿ 'ಅನಧಿಕೃತ ಮಾರ್ಪಾಡಿನಿಂದ ಆದ ಹಾನಿ' ಅಂತಲೂ ಇದೆ. ಕೋಟಿಂಗ್ ಮಾರ್ಪಾಡು ಅನ್ನಿಸಿಕೊಳ್ಳುತ್ತಾ?

ಟಿಂಕರ್‌ಶೆಡ್

ಆ ಸಾಲಲ್ಲಿ 'ಇಂದ ಆದ' ಅಂತ ಇದೆಯಲ್ಲ, ಅದನ್ನ ಬಿಡದೆ ಓದಿ. ಮಾರ್ಪಾಡು ಇದ್ದ ಮಾತ್ರಕ್ಕಲ್ಲ, ಅದರಿಂದ ಹಾನಿ ಆಗಿದ್ರೆ. ಆದ್ರೆ ತಗಡಿಗೆ ಹೊಸ ತೂತು ಕೊರೆಸಿದ್ರೆ ಅದು ಖಂಡಿತ ಮಾರ್ಪಾಡೇ. ಹಳೇ ಪದ್ಧತಿಯ ಕೆಲವರು ಬಾಗಿಲ ಕಂಬಕ್ಕೆ, ರನ್ನಿಂಗ್ ಬೋರ್ಡಿಗೆ ಡ್ರಿಲ್ ಹಾಕಿ ಒಳಗೆ ಪೈಪ್ ತೂರಿಸಿ ಸ್ಪ್ರೇ ಮಾಡಿ ಬಿರಡೆ ಜಡಿಯೋರು. ಮೇಡಂ ಹೇಳಿದ ಆ 20 ಮೈಕ್ರಾನ್ ಪದರ ಡ್ರಿಲ್ ಬಿದ್ದ ಜಾಗದಲ್ಲಿ ಹೋಯ್ತು, ಬರಿಯ ಕಬ್ಬಿಣದ ಅಂಚು ಉಳೀತು, ಕೊರೆದ ಚೂರು ಒಳಗೇ ಬಿತ್ತು. ಈಗಿನ ಗಾಡಿಗಳಲ್ಲಿ ಆ ಕಂಬದೊಳಗೆ ಏರ್‌ಬ್ಯಾಗ್ ವೈರು, ಸೆನ್ಸರ್ ಕೂಡ ಇರ್ತವೆ. ಡ್ರಿಲ್ ಹಿಡಿದೋರನ್ನ ಗಾಡಿ ಹತ್ರ ಬಿಡಬೇಡಿ. ಈಗಾಗಲೇ ಇರೋ ತೂತು, ಬಿರಡೆಗಳ ಮೂಲಕವೇ ಒಳಗೆ ಮೇಣ ಹಾಯಿಸಬಹುದು.

ಕಡಲಂಚು

ಬೆಳಿಗ್ಗೆ ಹೇಳಿದ ಮಾತು. ದಯವಿಟ್ಟು ಪೂರ್ತಿ ಓದಿ, ನನಗಾದದ್ದು ನಿಮಗಾಗುವುದು ಬೇಡ.

ಕಾರು ತೆಗೆದುಕೊಂಡ ತಿಂಗಳಲ್ಲೇ ಹೊರಗೊಂದು ಕಡೆ ರಬ್ಬರ್ ಅಂಡರ್‌ಕೋಟಿಂಗ್ ಮಾಡಿಸಿದೆ. ಬೆಳಿಗ್ಗೆ ಬಿಟ್ಟ ಗಾಡಿ ಮಧ್ಯಾಹ್ನಕ್ಕೆ ತಯಾರು. ಅಡಿ ಕರ್‍ರಗೆ ಮಿನುಗುತ್ತಿತ್ತು, ನೋಡಿ ಖುಷಿಪಟ್ಟೆ. ಮೂರನೇ ವರ್ಷ ಹಿಂದಿನ ಎಡ ಬಾಗಿಲು ಹಾಕಿದಾಗಲೆಲ್ಲ ಒಳಗೆ 'ಗುಳುಕ್' ಅನ್ನುವ ಸದ್ದು. ಅರ್ಧ ತುಂಬಿದ ಬಾಟಲಿ ಅಲ್ಲಾಡಿಸಿದ ಹಾಗೆ. ಡಿಕ್ಕಿಯಲ್ಲಿ ಏನೋ ಉರುಳುತ್ತಿದೆ ಅಂದುಕೊಂಡು ಎಷ್ಟೋ ದಿನ ಹಾಗೇ ಓಡಿಸಿದೆ. ಒಮ್ಮೆ ಗಾಡಿ ತೊಳೆಯುವಾಗ ನೆಲಕ್ಕೆ ಕೂತು ಬಾಗಿಲಿನ ಕೆಳ ಅಂಚಿನ ಮೇಲೆ ಬೆರಳಾಡಿಸಿದೆ. ಬಲಬದಿಯ ಬಾಗಿಲಲ್ಲಿ ಬೆರಳಿಗೆ ಮೂರು ಸೀಳು ಸಿಕ್ಕವು. ಎಡಬದಿಯದರಲ್ಲಿ ಒಂದೂ ಇಲ್ಲ, ಎಲ್ಲ ನುಣುಪು. ಬೆಂಕಿಕಡ್ಡಿಯಿಂದ ಒತ್ತಿ ಕೆದಕಿದಾಗ ಮೆತ್ತಗಿನ ಕಪ್ಪು ಮುದ್ದೆ ಕಿತ್ತು ಬಂತು. ಹಿಂದೆಯೇ ನೀರು. ಅಂಗೈ ಮೇಲೆ ಬಿದ್ದದ್ದು ಚಹಾದ ಬಣ್ಣದ ನೀರು, ಕಬ್ಬಿಣದ ವಾಸನೆ. ಒಂದು ಮಗ್ ತುಂಬುವಷ್ಟು ಇಳಿಯಿತು.

ಒಳ ಪ್ಯಾನೆಲ್ ಬಿಚ್ಚಿಸಿ ನೋಡಿದರೆ ಕೆಳಗಿನ ಮಡಿಕೆ ಪೂರ್ತಿ ಕೊಳೆತಿತ್ತು. ಪೇಂಟ್ ಹೊರಗಿನಿಂದ ಗುಳ್ಳೆ ಎದ್ದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತೆ, ಹಾಗಾಗಿ ಒಳಗಿಂದ ಪೇಂಟನ್ನು ಎತ್ತಿಬಿಡುತ್ತೆ ಅಂತ ಟಿಂಕರಿಂಗಿನವರು ತೋರಿಸಿಕೊಟ್ಟರು. ಸರ್ವಿಸ್ ಸೆಂಟರಿಗೆ ಹೋದೆ. ಅವರು ಫೋಟೊ ತೆಗೆದು ಕಂಪನಿಗೆ ಕಳಿಸಿದರು. ಉತ್ತರ ಬಂತು: ನೀರಿಳಿಯುವ ತೂತು ಹೊರಗಿನ ಲೇಪದಿಂದ ಮುಚ್ಚಿದೆ, ಕ್ಲೇಮ್ ತಿರಸ್ಕೃತ. ಕೋಟಿಂಗ್ ಮಾಡಿದವರ ಹತ್ತಿರ ಹೋದೆ. ಬಿಲ್ಲಿನಲ್ಲಿ 'ಅಂಡರ್‌ಕೋಟಿಂಗ್ 1' ಅಂತಷ್ಟೇ ಇತ್ತು. ಬಾಗಿಲಿಗೆ ನಾವು ಹೊಡೆದೇ ಇಲ್ಲ ಅಂದರು. ಅವರು ಹೊಡೆದಿದ್ದಾರೆ ಅಂತ ತೋರಿಸಲು ನನ್ನ ಹತ್ತಿರ ಒಂದು ಫೋಟೊವೂ ಇರಲಿಲ್ಲ.

ಆದರೆ ಇದನ್ನೂ ಗಮನಿಸಿ. ಅದೇ ವರ್ಷ ಕ್ಲಚ್ ಆಕ್ಚುಯೇಟರ್ (ಕ್ಲಚ್ಚನ್ನು ಒತ್ತಿ ಬಿಡುವ ಭಾಗ) ಕೆಟ್ಟಿತ್ತು. ಅದೇ ಗಾಡಿ, ಅದೇ ಸರ್ವಿಸ್ ಸೆಂಟರ್. ಎರಡು ದಿನದಲ್ಲಿ ವಾರಂಟಿಯಲ್ಲೇ ಬದಲಾಯಿಸಿ ಕೊಟ್ಟರು. ಅಡಿಯ ಕೋಟಿಂಗ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಟಿಂಕರ್‌ಶೆಡ್ ಅಣ್ಣ ಹೇಳಿದ್ದು ನನ್ನ ಗಾಡಿಯಲ್ಲಿ ಅಕ್ಷರಕ್ಷರ ನಡೆದಿದೆ.

ದೂರದಾರಿ

ಕಡಲಂಚು ಅವರೇ, ಓದಿ ಬೇಜಾರಾಯಿತು. ನನ್ನ ಮೊದಲ ಮಾತು ಅವಸರದ್ದು. ಇವತ್ತೇ ನನ್ನ ಗಾಡಿಯ ನಾಲ್ಕೂ ಬಾಗಿಲಿನ ತೂತು ನೋಡಿದೆ. ಒಂದರಲ್ಲಿ ಒಣ ಮಣ್ಣು, ಎಲೆಯ ಚೂರು ಕಟ್ಟಿಕೊಂಡಿತ್ತು. ಕೋಟಿಂಗ್ ಇಲ್ಲದೆಯೂ ಮುಚ್ಚುತ್ತೆ ಅಂತಾಯಿತು.

ಹಿಮದಾರಿ

ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುವ ನಾಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಕೋಟಿಂಗ್ ಬೇಕೋ ಬೇಡವೋ ಅನ್ನುವ ಚರ್ಚೆ ಕಡಿಮೆ, ಯಾವ ಥರದ್ದು ಅನ್ನುವುದೇ ಹೆಚ್ಚು. 'ಅಂಡರ್‌ಕೋಟಿಂಗ್' ಅನ್ನುವ ಒಂದೇ ಹೆಸರಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಮಾರುತ್ತಾರೆ.

ಡಾಂಬರು ಅಥವಾ ರಬ್ಬರಿನದು ದಪ್ಪಗೆ ಒಣಗಿ ಕೂರುತ್ತದೆ. ಕಲ್ಲೇಟು ತಡೆಯುತ್ತದೆ, ರಸ್ತೆಯ ಸದ್ದೂ ಸ್ವಲ್ಪ ತಗ್ಗಿಸುತ್ತದೆ. ವರ್ಷಗಳಾದ ಮೇಲೆ ಗಡಸಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಉಪ್ಪುನೀರು ಪದರದ ಹಿಂದೆ ಸೇರಿದರೆ ಆರುವುದಿಲ್ಲ. ಹೊರಗಿಂದ ನೋಡಿದರೆ ಕರ್‍ರಗೆ ಚೆಂದ, ಸ್ಕ್ರೂಡ್ರೈವರಿನಿಂದ ಒತ್ತಿದರೆ ಒಳಗೆ ಪುಡಿ. ಮೇಣದ್ದು ಮೆತ್ತಗೇ ಉಳಿಯುತ್ತದೆ, ಬಾಡಿಯ ಹೊಟ್ಟೆಯೊಳಗಿನ ಸಂದುಗಳಿಗೆ ಒಳ್ಳೆಯದು. ಎಣ್ಣೆಯದು ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು ಒಣಗುವುದೇ ಇಲ್ಲ, ಜೋಡುಗಳ ಸಂದಿಗೆ ತಾನೇ ಹರಿದು ಹೋಗುತ್ತದೆ. ಆದರೆ ನೀರಿನ ಹೊಡೆತಕ್ಕೆ ತೊಳೆದು ಹೋಗುವುದರಿಂದ ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ನನ್ನ ಓಟು ಇದಕ್ಕೇ. ನೀರಿಳಿಯುವ ತೂತನ್ನು ಗಟ್ಟಿಯಾಗಿ ಮುಚ್ಚುವ ಅಪಾಯವೂ ಇದರಲ್ಲಿ ತೀರ ಕಡಿಮೆ. ನೈಸರ್ಗಿಕ ರಬ್ಬರಿಗೆ ಎಣ್ಣೆ ತಾಗಿದರೆ ಊದುತ್ತದೆ ಅನ್ನುವುದಷ್ಟೇ ಎಚ್ಚರ.

ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಬೇರೆ ಇರುವ ಪಿಕಪ್ ಥರದ ಗಾಡಿಯವರು ಇನ್ನೂ ಹುಷಾರಾಗಿರಬೇಕು. ಅಮೆರಿಕದಲ್ಲಿ ಟೊಯೋಟದ ಟಕೋಮ, ಟಂಡ್ರ, ಸೆಕೋಯ ಗಾಡಿಗಳ ಚಾಸಿ ತುಕ್ಕು ಹಿಡಿದು ತೂತು ಬೀಳುತ್ತಿದೆ ಅಂತ ಮಾಲೀಕರು ಕೋರ್ಟಿಗೆ ಹೋಗಿ, 2016ರಲ್ಲಿ ಒಪ್ಪಂದವಾಯಿತು. ಸುಮಾರು 15 ಲಕ್ಷ ಗಾಡಿಗಳ ವಿಷಯ. ಮಾಮೂಲಿ ತುಕ್ಕು ವಾರಂಟಿ ಬಾಡಿ ತಗಡಿಗೆ ಅಂತ ಇರುವಾಗ ಚಾಸಿಗೆ ನ್ಯಾಯ ಸಿಗಬೇಕಾದರೆ ಅಷ್ಟು ದೂರ ಹೋಗಬೇಕಾಯಿತು.

ಸಣ್ಣಕ್ಷರ

ವಾರಂಟಿ ಕಾಗದ ಓದುವುದು ನನ್ನ ವೃತ್ತಿಗೆ ಸೇರಿದ ಕೆಲಸ. ಇಲ್ಲಿ ಇನ್ನೂ ಯಾರೂ ಎತ್ತದ ಒಂದು ಸಂಗತಿ ಇದೆ. ಶೋರೂಮಿನಲ್ಲಿ ಕೋಟಿಂಗ್ ಜೊತೆ ಇನ್ನೊಂದು 'ತುಕ್ಕು ವಾರಂಟಿ' ಕಾರ್ಡ್ ಕೊಡುತ್ತಾರೆ. ಅದರ ಮೇಲಿನ ಹೆಸರು ನೋಡಿ. ಬಹಳ ಸಲ ಅದು ಕಾರು ಕಂಪನಿಯದಲ್ಲ, ಲೇಪ ತಯಾರಿಸಿದವರದು ಅಥವಾ ಡೀಲರ್‌ದು. 'ಇದು ಮಾಡಿಸದಿದ್ದರೆ ತುಕ್ಕಿನ ವಾರಂಟಿ ಇಲ್ಲ' ಅನ್ನುವ ಮಾತು ಹುಟ್ಟುವುದು ಇಲ್ಲೇ. ಆ ಕಾರ್ಡಿನ ಮಟ್ಟಿಗೆ ಅದು ಸರಿ. ಕಾರು ಕಂಪನಿಯ ವಾರಂಟಿ ಪುಸ್ತಕದ ಮಟ್ಟಿಗೆ ತಪ್ಪು, ಅದು ಗಾಡಿಯ ಜೊತೆಗೇ ಬಂದಿರುತ್ತದೆ.

ಕಾರ್ಡಿನ ಹಿಂಬದಿಯ ಷರತ್ತುಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇವು. ವರ್ಷಕ್ಕೊಮ್ಮೆ ಗೊತ್ತಾದ ದಿನಗಳೊಳಗೆ ತಪಾಸಣೆ ಮಾಡಿಸಲೇಬೇಕು, ಒಂದು ಸಲ ತಪ್ಪಿದರೂ ಮುಗಿಯಿತು. ಹಾನಿ ಆದರೆ ಕೊಡುವುದು ಮತ್ತೆ ಲೇಪ, ಅಥವಾ ಕೋಟಿಂಗಿಗೆ ಕೊಟ್ಟ ದುಡ್ಡಿನ ಮಿತಿಯೊಳಗೆ ಪರಿಹಾರ. 'ಲೈಫ್‌ಟೈಮ್' ಅಂತ ದಪ್ಪಕ್ಷರದಲ್ಲಿದ್ದರೆ ಯಾರ ಲೈಫ್ ಅಂತ ಕೇಳಿ. ಗಾಡಿ ಮಾರಿದ ದಿನವೇ ಮುಗಿಯುವಂಥದ್ದು ಎಷ್ಟೋ ಇವೆ.

ಕಾನೂನಿನ ಮಾತಿಗೆ ಬಂದರೆ ದೇಶ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ನಮ್ಮದೇ ಬ್ರ್ಯಾಂಡಿನ ವಸ್ತು ಬಳಸಿದರೆ ಮಾತ್ರ ವಾರಂಟಿ ಅಂತ ಕಂಪನಿ ಷರತ್ತು ಹಾಕುವ ಹಾಗಿಲ್ಲ, ಆ ವಸ್ತುವನ್ನು ಪುಕ್ಕಟೆ ಕೊಟ್ಟರೆ ಬೇರೆ ಮಾತು. ಹೊರಗಿನ ವಸ್ತುವಿನಿಂದಲೇ ಕೆಟ್ಟಿತು ಅಂತ ಕ್ಲೇಮ್ ನಿರಾಕರಿಸಿದರೆ ಅದನ್ನು ತೋರಿಸಿಕೊಡುವ ಹೊಣೆ ಕಂಪನಿಯದು. ನೀವಿರುವ ಕಡೆ ಯಾವ ಗ್ರಾಹಕ ಕಾನೂನು ಇದೆಯೋ ಅದನ್ನು ನೋಡಿಕೊಳ್ಳಿ. ಆದರೆ ಕಾನೂನು ಯಾವುದೇ ಇರಲಿ, ಕಡಲಂಚು ಅವರ ಪ್ರಕರಣದಲ್ಲಿ ಕಾರಣ ಸಾಬೀತಾಗಿತ್ತು. ಅವರು ಸೋತದ್ದು ಕೋಟಿಂಗ್ ಮಾಡಿದವರ ಎದುರು, ಅದಕ್ಕೆ ಕಾರಣ ಬಿಲ್ಲಿನಲ್ಲಿ ಏನೂ ಬರೆದಿರಲಿಲ್ಲ ಅನ್ನುವುದು.

ಮೌನಮೋಟಾರ್

ನನ್ನದು ಇವಿ. ಅಡಿ ತುಂಬ ಬ್ಯಾಟರಿಯೇ ಇದೆ. ಇದಕ್ಕೂ ಕೋಟಿಂಗ್ ಮಾಡಬಹುದಾ?

ಟಿಂಕರ್‌ಶೆಡ್

ಬ್ಯಾಟರಿ ಪೆಟ್ಟಿಗೆ ಮೇಲೆ, ಕಿತ್ತಳೆ ಬಣ್ಣದ ದಪ್ಪ ಕೇಬಲ್ ಮೇಲೆ, ಅದರ ಕನೆಕ್ಟರ್ ಮೇಲೆ ಯಾರನ್ನೂ ಸ್ಪ್ರೇ ಗನ್ ಹಿಡಿಯೋಕೆ ಬಿಡಬೇಡಿ. ಪೆಟ್ಟಿಗೆಗೆ ಗಾಳಿ ಒತ್ತಡ ಸರಿದೂಗಿಸೋ ಸಣ್ಣ ಕಿಂಡಿ ಇರುತ್ತೆ, ಅದು ಮುಚ್ಚಬಾರದು. ಇವಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಾರಂಟಿ ಬ್ಯಾಟರಿದು, ಅದನ್ನ ಅನುಮಾನಕ್ಕೆ ಒಡ್ಡಬೇಡಿ. ಚಕ್ರದ ಕಮಾನು, ಸಸ್ಪೆನ್ಷನ್ ಕೂರೋ ಸಬ್‌ಫ್ರೇಮು ಇಷ್ಟಕ್ಕೆ ಬೇಕಾದ್ರೆ ಕಂಪನಿಯವರನ್ನ ಕೇಳಿ, ಬರಹದಲ್ಲಿ ಉತ್ತರ ತಗೊಂಡು ಮಾಡಿಸಿ.

ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಎಲ್ಲಿ ಹೊಡೀಬಾರದು ಅನ್ನೋದನ್ನೂ ಹೇಳಿಬಿಡ್ತೀನಿ. ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಅದರ ಮೇಲಿನ ತಗಡಿನ ಹೊದಿಕೆ. ಇವು ಕಾದು ಕೆಂಡ ಆಗೋ ಜಾಗ, ಲೇಪ ಬಿದ್ರೆ ಹೊಗೆ, ಬೆಂಕಿಯ ಅಪಾಯ. ಬ್ರೇಕ್ ಡಿಸ್ಕು, ಪ್ಯಾಡು, ಕ್ಯಾಲಿಪರ್ರು. ಜಿಡ್ಡು ಬಿದ್ದ ಪ್ಯಾಡು ಹಿಡಿಯಲ್ಲ, ಇಲ್ಲಿ ವಾರಂಟಿ ಮಾತಲ್ಲ, ಜೀವದ ಮಾತು. ಎಬಿಎಸ್ ಸೆನ್ಸರು, ಆಕ್ಸಿಜನ್ ಸೆನ್ಸರು, ಆಕ್ಸಲ್ ತುದಿಯ ರಬ್ಬರ್ ಬೂಟು, ಬುಷ್‌ಗಳು, ರೇಡಿಯೇಟರು. ಒಳ್ಳೆ ಕೆಲಸಗಾರ ಇವಕ್ಕೆಲ್ಲ ಕಾಗದ, ಟೇಪು ಸುತ್ತೋದಕ್ಕೇ ಎರಡು ಗಂಟೆ ತಗೋತಾನೆ. ಕಡಲಂಚು ಅವರ ಗಾಡಿ ಮಧ್ಯಾಹ್ನಕ್ಕೇ ತಯಾರಾಯ್ತು ಅಂದಾಗಲೇ ನಂಗೆ ಅನುಮಾನ ಬಂತು. ತೊಳೆದ ಗಾಡಿಯ ಸಂದಿಗಳು ಒಣಗೋಕೇ ಒಂದು ರಾತ್ರಿ ಬೇಕು. ಒದ್ದೆ ಮೇಲೆ ಹೊಡೆದ್ರೆ ನೀರನ್ನ ಒಳಗೆ ಹಾಕಿ ಬೀಗ ಜಡಿದ ಹಾಗೆ.

ಮೌನಮೋಟಾರ್

ಧನ್ಯವಾದ ಅಣ್ಣ. ಬ್ಯಾಟರಿಗೆ ಜೋಡಿಸಿದರೆ ತುಕ್ಕೇ ಹಿಡಿಯದಂತೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಅಂತ ಒಂದನ್ನು ತೋರಿಸಿದರು. ಹಡಗುಗಳಲ್ಲಿ ಇದೇ ಇರೋದು ಅಂತ ಹೇಳಿದರು. ಅದು?

ಪೇಂಟ್‌ಲೈನ್

ಹಡಗಿನ ಮಾತು ಸುಳ್ಳಲ್ಲ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ತೋರಿಸಿಕೊಟ್ಟದ್ದು: ಹಡಗಿನ ತಾಮ್ರದ ಹೊದಿಕೆಗೆ ಕಬ್ಬಿಣದ ತುಂಡು ಜೋಡಿಸಿದರೆ ಕಬ್ಬಿಣ ಸವೆದು ತಾಮ್ರ ಉಳಿಯುತ್ತದೆ. ನೆಲದಡಿಯ ಪೈಪ್‌ಲೈನ್‌ಗಳಿಗೆ ವಿದ್ಯುತ್ ಹಾಯಿಸಿ ಕಾಯುವುದೂ ಇದೇ ಸೂತ್ರದಲ್ಲಿ. ಆದರೆ ಹಡಗು ಉಪ್ಪುನೀರಲ್ಲಿ ಮುಳುಗಿರುತ್ತದೆ, ಪೈಪು ಒದ್ದೆ ಮಣ್ಣಲ್ಲಿ. ವಿದ್ಯುತ್ ಸುತ್ತು ಹಾಕಿ ಬರಲು ಅಲ್ಲಿ ದಾರಿ ಇದೆ. ಕಾರಿನ ಸುತ್ತ ಇರುವುದು ಗಾಳಿ. ಅಲ್ಲಲ್ಲಿ ಬಿದ್ದ ನೀರಿನ ಹನಿಗಳ ಮೂಲಕ ಇಡೀ ಬಾಡಿಯನ್ನು ಕಾಯಲು ಆಗುವುದಿಲ್ಲ. ಸತು ಲೇಪ ಕೆಲಸ ಮಾಡುವುದು ಅದು ಕಬ್ಬಿಣಕ್ಕೆ ಅಂಟಿಕೊಂಡೇ ಇರುವುದರಿಂದ. ಆ ಪೆಟ್ಟಿಗೆ ತೆಗೆದುಕೊಳ್ಳಬೇಡಿ.

ಹೊಸಚಕ್ರ

ಮೂರು ದಿನ ಓಡಾಡಿದ್ದರ ವರದಿ ಕೊಡುತ್ತೇನೆ.

ಮೊದಲು ಶೋರೂಮ್. ವಾರಂಟಿ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟು, ಕೋಟಿಂಗ್ ಮಾಡಿಸದಿದ್ದರೆ ಕಂಪನಿಯ ತುಕ್ಕು ವಾರಂಟಿ ಇಲ್ಲ ಅನ್ನುವ ಸಾಲು ತೋರಿಸಿ ಅಂದೆ. ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯರು, ಪುಟ ಪುಟ ತಿರುವಿ ನೋಡಿ "ಇಲ್ಲ ಸರ್, ಅದು ನಮ್ಮ ಕಾರ್ಡಿನ ಷರತ್ತು" ಅಂತ ಒಪ್ಪಿಕೊಂಡರು. ಟಿಕ್ ತೆಗೆಸಿದೆ. ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಮೇಲ್ ಬರೆದೆ: ಹೊರಗೆ ಮೇಣದ ಲೇಪ ಮಾಡಿಸಿದರೆ ಯಾವ ವಾರಂಟಿಗೆ ಏನಾಗುತ್ತದೆ? ಎರಡನೇ ದಿನ ಉತ್ತರ ಬಂತು. ಲೇಪದಿಂದ ಅಥವಾ ಅದನ್ನು ಹಾಕಿದ ರೀತಿಯಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ, ಉಳಿದ ಭಾಗಗಳ ವಾರಂಟಿ ಮುಂದುವರಿಯುತ್ತದೆ. ಇದೇ ಮಾತು ಇಲ್ಲಿ ಅಣ್ಣ ಮೊದಲ ದಿನವೇ ಹೇಳಿದ್ದರು. ಆ ಮೇಲ್ ಪ್ರಿಂಟ್ ತೆಗೆದು ವಾರಂಟಿ ಪುಸ್ತಕದೊಳಗೆ ಇಟ್ಟಿದ್ದೇನೆ.

ಕೋಟಿಂಗ್ ಮಾಡಿಸುವ ನಿರ್ಧಾರ ಮಾಡಿದ್ದೇನೆ. ನಾನು ದಿನಾ ಹೋಗುವ ದಾರಿ ವರ್ಷದಲ್ಲಿ ಅರ್ಧ ಭಾಗ ನೀರು ನಿಲ್ಲುವಂಥದ್ದು. ಡ್ರಿಲ್ ಇಲ್ಲ, ರಬ್ಬರ್ ಇಲ್ಲ. ಹೊಟ್ಟೆಯೊಳಗೆ ಮೇಣ, ಸಬ್‌ಫ್ರೇಮಿಗೂ ಜೋಡುಗಳಿಗೂ ಎಣ್ಣೆಯದು.

ಸಣ್ಣಕ್ಷರ

ಬಿಲ್ಲಿನಲ್ಲಿ ಲೇಪದ ಹೆಸರು, ಬ್ಯಾಚ್ ನಂಬರ್, ಗಾಡಿಯ ಚಾಸಿ ನಂಬರ್, ಕಿಲೋಮೀಟರ್ ಓದು, ಎಲ್ಲೆಲ್ಲಿ ಹಾಕಿದರು, ಎಲ್ಲೆಲ್ಲಿ ಹಾಕಲಿಲ್ಲ ಅನ್ನುವುದನ್ನು ಬರೆಸಿ. 'ನೀರಿಳಿಯುವ ತೂತುಗಳನ್ನು ಪರೀಕ್ಷಿಸಲಾಗಿದೆ' ಅನ್ನುವ ಸಾಲು ಇರಲೇಬೇಕು. ಸಹಿಯ ಕೆಳಗೆ ತಾರೀಕು.

ಟಿಂಕರ್‌ಶೆಡ್

ಲಿಫ್ಟ್ ಮೇಲೆ ಎತ್ತಿದಾಗ, ಹೊಡೆಯೋಕೆ ಮೊದಲು ಒಂದು ಸುತ್ತು ಫೋಟೊ, ಆಮೇಲೆ ಅದೇ ಜಾಗಗಳಿಂದ ಇನ್ನೊಂದು ಸುತ್ತು. ಹೊಸ ಗಾಡಿಯಲ್ಲೂ ಸಾಗಣೆಯಲ್ಲಿ ಬಿದ್ದ ಗೀರು ಇರಬಹುದು, ಕೋಟಿಂಗ್ ಕೆಳಗೆ ಅದು ಮುಚ್ಚಿಹೋಗೋಕೆ ಮೊದಲು ಕಂಪನಿಗೆ ತೋರಿಸ್ಬೇಕು. ಇನ್ನೊಂದು, ಮೊದಲ ಸರ್ವಿಸ್‌ನಲ್ಲಿ ಆಯಿಲ್ ಸೋರಿಕೆ ನೋಡೋರಿಗೆ ಅಡಿಯಲ್ಲಿ ಎಣ್ಣೆ ಲೇಪ ಇದೆ ಅಂತ ಮೊದಲೇ ಹೇಳಿ, ಇಲ್ಲದಿದ್ರೆ ಇಂಜಿನ್ ಸೋರ್ತಿದೆ ಅಂತ ತಪ್ಪಾಗಿ ತಿಳೀತಾರೆ.

ಹೊಸಚಕ್ರ

ಆಯಿತು, ನಿನ್ನೆ ಕೆಲಸ ಮುಗಿಯಿತು. ಗಾಡಿಯನ್ನು ಹಿಂದಿನ ಸಂಜೆಯೇ ತೊಳೆದು ರಾತ್ರಿ ಪೂರ್ತಿ ಆರಲು ಬಿಟ್ಟಿದ್ದರು. ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಡಿಸ್ಕುಗಳಿಗೆ ಪ್ಲಾಸ್ಟಿಕ್ ಚೀಲ, ಸೈಲೆನ್ಸರಿಗೆ ಉದ್ದಕ್ಕೂ ಕಾಗದ, ಸೆನ್ಸರ್ ಕನೆಕ್ಟರುಗಳಿಗೆ ಟೇಪು. ಅಣ್ಣ ಹೇಳಿದ್ದು ಸರಿ, ಅದಕ್ಕೇ ಎರಡು ಗಂಟೆ ಮೀರಿತು. ಟೇಪು ಸುತ್ತುವಾಗ ಮುಂದಿನ ಎಡ ಕಮಾನಿನ ಪಿವಿಸಿ ಪದರದಲ್ಲಿ ಹೆಬ್ಬೆರಳಗಲದ ಗೀರು ಕಂಡಿತು, ಒಳಗೆ ಬೂದು ಪ್ರೈಮರ್ ಕಾಣುತ್ತಿತ್ತು. ಫೋಟೊ ತೆಗೆದು ಶೋರೂಮಿಗೆ ಕಳಿಸಿದೆ, ಗಾಡಿ ತಂದರೆ ಸರಿಮಾಡಿಕೊಡುತ್ತೇವೆ ಅಂತ ಬರೆದಿದ್ದಾರೆ. ಆ ಜಾಗಕ್ಕೆ ಲೇಪ ಹಾಕಿಸಲಿಲ್ಲ.

ಕೊನೆಗೆ ನಾಲ್ಕೂ ಬಾಗಿಲಿನ ಗಾಜಿನ ಸಂದಿಗೆ ಒಂದೊಂದು ಬಾಟಲಿ ನೀರು ಸುರಿಯಲು ಕೇಳಿಕೊಂಡೆ. ಕಡಲಂಚು ಅವರು ಬರೆದದ್ದು ತಲೆಯಲ್ಲಿತ್ತು. ಎಲ್ಲ ಬಾಗಿಲಿನ ಕೆಳಗೂ ಕೂತು ಬೆರಳಿಟ್ಟು ನೋಡಿದೆ. ಮೂರು ಬಾಗಿಲಿನಲ್ಲಿ ನೀರು ತಕ್ಷಣ ಇಳಿಯಿತು. ಹಿಂದಿನ ಬಲ ಬಾಗಿಲಿನಲ್ಲಿ ಒಂದು ಸೀಳಿಂದ ಮಾತ್ರ ಸಣ್ಣಗೆ ತೊಟ್ಟಿಕ್ಕಿತು. ಕೆಲಸದ ಹುಡುಗ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಮೇಣದ ಸಣ್ಣ ಉಂಡೆ ತೆಗೆದ. ಆಮೇಲೆ ಅದೂ ಸರಾಗ. ಅದನ್ನೂ ಬಿಲ್ಲಿನಲ್ಲಿ ಬರೆಸಿದ್ದೇನೆ.

ಕಡಲಂಚು

ಆ ಬಲ ಬಾಗಿಲನ್ನು ಮುಂದಿನ ದೊಡ್ಡ ಮಳೆಯಾದ ಮೇಲೆ ಇನ್ನೊಂದು ಸಲ ನೋಡಿ ಸರ್. ಬಿಸಿಲಿಗೆ ಮೇಣ ಸ್ವಲ್ಪ ಇಳಿದು ಮತ್ತೆ ಅಲ್ಲೇ ಕೂರಬಹುದು.

ಹೊಸಚಕ್ರ

ಖಂಡಿತ ನೋಡುತ್ತೇನೆ. ಪ್ಲಾಸ್ಟಿಕ್ ಕಡ್ಡಿ ಒಂದನ್ನು ಗ್ಲವ್ ಬಾಕ್ಸಿನಲ್ಲಿ ವಾರಂಟಿ ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.